ಎರಡು ಮನೆಗಳ ನಡುವೆ ಲಾರಿ

ಕಂಬಳಿ ಬ್ಯಾಂಡಿನ ಕ್ಯಾಸೆಟ್ ಬಂದ ವಾರ ನಮ್ಮೂರಿನಲ್ಲಿ ಅದನ್ನು ಕೊಳ್ಳದ ಮನೆ ಇರಲಿಲ್ಲ, ಕೊಂಡೆ ಎಂದು ಒಪ್ಪಿಕೊಂಡ ಮನೆಯೂ ಇರಲಿಲ್ಲ. ಊರಿನ ವಾರಪತ್ರಿಕೆಯಲ್ಲಿ ಪುಸ್ತಕ, ನಾಟಕ, ಸಂಗೀತ, ಒಮ್ಮೊಮ್ಮೆ ಹೊಸ ಹೋಟೆಲಿನ ಸಾಂಬಾರು, ಇವುಗಳ ಬಗ್ಗೆ ಅಭಿಪ್ರಾಯ ಬರೆಯುವುದು ನನ್ನ ಕೆಲಸವಾದ್ದರಿಂದ ನಾನೊಬ್ಬ ಮಾತ್ರ ಅದನ್ನು ಎಲ್ಲರಿಗೂ ಕಾಣುವಂತೆ ಕೈಯಲ್ಲಿ ಹಿಡಿದು ಮನೆಗೆ ತಂದೆ. ದಾರಿಯಲ್ಲಿ ಸಿಕ್ಕವರು ಮೊದಲು ಕ್ಯಾಸೆಟ್ಟನ್ನೂ ಆಮೇಲೆ ನನ್ನ ಮುಖವನ್ನೂ ನೋಡಿ, "ಏನಂತೆ ಅದರಲ್ಲಿ?" ಎಂದರು.

"ಕೇಳಿದ ಮೇಲೆ ಹೇಳ್ತೀನಿ" ಎಂದೆ.

"ಕೇಳಿದ್ದನ್ನೆಲ್ಲ ಹೇಳ್ತೀರೋ, ಇಲ್ಲ ನಿಮಗೆ ಬೇಕಾದ್ದನ್ನ ಮಾತ್ರ ಹೇಳ್ತೀರೋ?" ಎಂದ ಸೈಕಲ್ ಅಂಗಡಿಯ ಗುರುಶಾಂತ. ನಮ್ಮೂರಿನಲ್ಲಿ ಕುಶಲ ವಿಚಾರಿಸುವುದೇ ಹೀಗೆ.

ಇದಕ್ಕೆಲ್ಲ ಮೂಲ ಮರುದನಿ. ಇವತ್ತು ಇಲ್ಲಿ ಆದ ಸದ್ದು ನಾಳೆ ಇದೇ ಹೊತ್ತಿಗೆ ಇದೇ ಜಾಗದಲ್ಲಿ ಇನ್ನೊಂದು ಸಲ ಕೇಳುತ್ತದೆ, ತುಸು ತೆಳ್ಳಗೆ, ಬಾವಿಯೊಳಗಿಂದ ಬಂದ ಹಾಗೆ. ಆಮೇಲೆ ಸುಮ್ಮನಾಗುತ್ತದೆ. ಊರ ಗಡಿಕಲ್ಲು ದಾಟಿದರೆ ಇದಿಲ್ಲ. ಹಾಗಾಗಿ ಪ್ರೇಮಿಗಳೂ, ಪಾಲಿನ ಮಾತಾಡುವ ಅಣ್ಣತಮ್ಮಂದಿರೂ ಗಡಿಕಲ್ಲಿನಾಚೆ ನಡೆದು ಹೋಗುತ್ತಾರೆ; ಅವರು ಹೋದರೆಂಬ ಸುದ್ದಿಯೇ ಊರಿಗೆ ಸಾಕಾಗುತ್ತದೆ. ಅಷ್ಟು ದೂರ ನಡೆಯಲಾರದವರು ಮನೆಯಲ್ಲೇ ಮಾತಾಡಿ ಮರುದಿನ ಅದೇ ಹೊತ್ತಿಗೆ ಮಿಕ್ಸಿ ಹಾಕುತ್ತಾರೆ. ಹೊತ್ತಲ್ಲದ ಹೊತ್ತಿನಲ್ಲಿ ಮಿಕ್ಸಿ ಕೂಗಿತೆಂದರೆ ನಿನ್ನೆ ಇಲ್ಲೇನೋ ಆಗಿದೆ ಎಂದು ಪಕ್ಕದ ಮನೆಯವರು ಗ್ರಹಿಸುತ್ತಾರೆ. ಬೇರೆ ಊರುಗಳಲ್ಲಿ ಗೋಡೆಗೆ ಕಿವಿ ಇರುತ್ತದಂತೆ. ನಮ್ಮಲ್ಲಿ ಗೋಡೆಗೆ ಬಾಯಿಯೇ ಇದೆ.

ದೊಡ್ಡ ಮಾತುಗಳಿಗೆ ಮಿಕ್ಸಿ ಸಾಲದು. ಅದಕ್ಕೆ ಕಂಬಳಿ ಬ್ಯಾಂಡ್ ಇತ್ತು. ಹಳೆಯ ಲಾರಿಯೊಂದರ ಹಿಂಭಾಗದಲ್ಲಿ ತುಂಗವ್ವನ ಆರ್ಗನ್ನು, ದಾದಾಪೀರನ ಡ್ರಮ್ಮು, ಗಿಟಾರು ಹಿಡಿದ ಇಬ್ಬರು ಅಣ್ಣತಮ್ಮಂದಿರು. ಈ ಅಣ್ಣತಮ್ಮಂದಿರು ತಮ್ಮತಮ್ಮೊಳಗೆ ಮಾತಾಡುವುದಿಲ್ಲವಾದ್ದರಿಂದ ಈ ಕತೆಯಲ್ಲಿಯೂ ಮಾತಾಡುವುದಿಲ್ಲ. ನಿನ್ನೆ ನಿಮ್ಮ ಮನೆಯಲ್ಲಿ ಆಗಬಾರದ ಮಾತು ಆಗಿದ್ದರೆ ಇವತ್ತು ಅದೇ ಹೊತ್ತಿಗೆ ಇವರು ಬಂದು ಜೋರಾಗಿ ನುಡಿಸಿ ಅದರ ಮೇಲೆ ಸದ್ದಿನ ಕಂಬಳಿ ಹೊದಿಸುತ್ತಾರೆ. ಆ ಕಸುಬಿಗೆ ಎರಡು ಕಟ್ಟಳೆ. ಒಂದು, ಲಾರಿಯನ್ನು ಯಾವತ್ತೂ ಎರಡು ಮನೆಗಳ ನಡುವೆ ನಿಲ್ಲಿಸಬೇಕು. ಯಾವ ಮನೆಯ ಮಾತಿಗೆ ಹೊದಿಕೆ ಎಂಬುದು ಬೀದಿಗೆ ತಿಳಿಯಬಾರದು. ಎರಡು, ಏನು ಮಾತಾಯಿತೆಂದು ಕರೆಸಿದವರು ಹೇಳಬಾರದು, ಬ್ಯಾಂಡಿನವರು ಕೇಳಬಾರದು. ಕರೆಸಿದವರು ಮೊದಲೇ ತುಂಗವ್ವನ ಮನೆಗೆ ಹೋಗಿ, ಅವಳೆದುರು ನಿಂತು, ಬರಿಗೈಯನ್ನು ಗಾಳಿಯಲ್ಲಿ ಆಡಿಸಿ ತೋರಿಸುತ್ತಾರೆ: ಇಲ್ಲಿ ಮಾತು ತಗ್ಗು, ಇಲ್ಲಿ ಏರಿತು, ಇಲ್ಲಿ ಕಿರುಚಾಟ, ಇಲ್ಲಿ ಅಳು. ತುಂಗವ್ವ ಆ ಕೈಯನ್ನೇ ನೋಡುತ್ತ ಆರ್ಗನ್ನಿನ ಮೇಲೆ ಬೆರಳಿಡುತ್ತಾಳೆ.

ಜನ ತಾಳಕ್ಕೆ ಸರಿಯಾಗಿ ಜಗಳವಾಡುವುದಿಲ್ಲ. ಹಾಗಾಗಿ ಕಂಬಳಿಯವರ ತಾಳ ಒಮ್ಮೆ ಏಳು, ಒಮ್ಮೆ ಹನ್ನೊಂದು, ನಡುವೆ ಎಲ್ಲೋ ಮುಗ್ಗರಿಸಿ ಮತ್ತೆ ಏಳು. ಜಗಳ ಬೇಗ ಮುಗಿಯುವುದೂ ಇಲ್ಲ. ಹಾಗಾಗಿ ಹಾಡುಗಳು ಉದ್ದ. ಇನ್ನು, ಹೊದಿಸಿದ ಸಂಗೀತಕ್ಕೂ ಮರುದನಿ ಇದ್ದದ್ದೇ. ಮೂರನೆಯ ದಿನ ಲಾರಿಯಿಲ್ಲದ ಖಾಲಿ ಬೀದಿಯಲ್ಲಿ ಬರೀ ಹಾಡು ಬಂದು ನಿಲ್ಲುತ್ತಿತ್ತು. ಗುಟ್ಟು ಯಾರದೆಂದು ತಿಳಿಯದಿದ್ದರೂ ಅದರ ರಾಗ ಎಲ್ಲರಿಗೂ ಬಾಯಿಪಾಠ. ಇಂಥ ಸಂಗೀತಕ್ಕೆ ಪ್ರೋಗ್ರೆಸಿವ್ ರಾಕ್ ಎಂಬ ಹೆಸರಿದೆ ಎಂದು ಹೊರಗಿನಿಂದ ಬಂದ ಯಾರೋ ಹೇಳಿದಾಗ ಊರಿನವರಿಗೆ ಅದರ ಮೇಲೂ ಅನುಮಾನವೇ ಬಂತು.

ಕ್ಯಾಸೆಟ್ಟಿನ ಹೆಸರು 'ಎರಡು ಮನೆ ನಡುವೆ'. ನಾಲ್ಕು ಉದ್ದನೆಯ ಹಾಡು. ಸಾಹಿತ್ಯವಿಲ್ಲ, ಹೆಸರೂ ಇಲ್ಲ, ಮೊದಲನೆಯದು, ಎರಡನೆಯದು ಅಷ್ಟೇ. ನಡುಮನೆಯಲ್ಲಿ ಕೂತು ಕೇಳಿದೆ. ಮೊದಲನೆಯದು ಮುಗಿಯುವ ಹೊತ್ತಿಗೆ ನನಗೆ ಎರಡು ವಿಷಯ ಖಚಿತವಾಗಿತ್ತು. ರಚನೆ ಅಂದರೆ ಇದು. ತಗ್ಗಿನಲ್ಲಿ ಶುರುವಾದ ಒಂದು ಪುಟ್ಟ ಸ್ವರಗುಚ್ಛ ಮೂರು ಸಲ ಬೇರೆ ಬೇರೆ ಬಾಗಿಲಿನಿಂದ ಒಳಬಂದು, ನಾಲ್ಕನೆಯ ಸಲ ಇಡೀ ಮನೆಯನ್ನೇ ಹೊತ್ತುಕೊಂಡು ಹೊರಡುತ್ತದೆ. ಎರಡನೆಯ ವಿಷಯ, ಧ್ವನಿಮುದ್ರಣ ದೇವರಿಗೇ ಪ್ರೀತಿ. ಡ್ರಮ್ಮು ಬಚ್ಚಲುಮನೆಯ ಬಕೆಟ್ಟಿನ ಕೆಳಗೆ ಕೂತಿದೆ, ಒಂದು ಗಿಟಾರು ಪಕ್ಕದ ತಾಲ್ಲೂಕಿನಲ್ಲಿದೆ, ಆರ್ಗನ್ನು ಕೇಳುವವನ ತೊಡೆಯ ಮೇಲೇ ಬಂದು ಕೂತಿದೆ. ಇದೆಲ್ಲದರ ಅಡಿಯಲ್ಲಿ, ಕೆರೆಯ ತಳದ ಕೆಸರಿನಂತೆ, ಮತ್ತೊಂದು ಸದ್ದು. ಮಸುಕಾಗಿ, ಗುಜುಗುಜು ಎನ್ನುತ್ತ.

ಊರು ಕೇಳಿದ್ದು ಆ ಕೆಸರನ್ನು ಮಾತ್ರ. ಹಾಡನ್ನು ಯಾರೂ ಕೇಳಲಿಲ್ಲ.

ಮೊದಲು ಬಾಯಿಬಿಟ್ಟವನು ಗುರುಶಾಂತ. "ಸಾರ್, ಎರಡನೇ ಹಾಡಿನ ಅಡೀಲಿ ನನ್ನ ದನಿ ಇದೆ. ನಾನು ನಮ್ಮತ್ತೇನ ಬೈತಿದ್ದೀನಿ. ಆವಮ್ಮಂಗೆ ಕಿವಿ ಕೇಳಲ್ಲ ಅಂತ ಎದುರಿಗೇ ಬೈತಿದ್ದೆ. ಅವತ್ತು ಲಾರಿ ಕರೆಸಿದ್ದೆ. ಈ ನನ್ಮಕ್ಳು ಅದನ್ನೇ ಟೇಪ್ ಮಾಡ್ಕೊಂಡವ್ರೆ" ಎಂದು ಅಂಗಡಿಯ ಮುಂದೆ ನಿಂತು ಕೂಗಿದ. ಕೂಗಿದ್ದು ಮರುದಿನ ಅಲ್ಲೇ ಇನ್ನೊಮ್ಮೆ ಕೇಳಿತು. ಆ ಹೊತ್ತಿಗೆ ಅವನ ಅತ್ತೆ ಎದುರು ಕಟ್ಟೆಯ ಮೇಲೆ ಕೂತಿದ್ದರು. ಅವರ ಕಿವಿ ಬಹಳ ಚೆನ್ನಾಗಿತ್ತೆಂದು ಊರಿಗೆ ತಿಳಿದದ್ದೇ ಆಗ. ಆಮೇಲೆ ಹೈಸ್ಕೂಲಿನ ಹೆಡ್‌ಮಿಸ್ ಹೇಮಲತಾ ಬಂದರು. ಮೊದಲನೆಯ ಹಾಡಿನಲ್ಲಿ ತಾವು ತಂಗಿಗೆ, ಮಕ್ಕಳನ್ನು ಕಂಡರೆ ತಮಗೆ ಮೈ ಉರಿಯುತ್ತದೆಂದು ಹೇಳಿದ್ದು ಸ್ಪಷ್ಟವಾಗಿದೆ ಎಂದು ದೂರು ಕೊಟ್ಟರು. ಅಲ್ಲಿಯವರೆಗೆ ಅವರನ್ನು ಊರು ಮಕ್ಕಳ ತಾಯಿ ಎನ್ನುತ್ತಿತ್ತು. ಮೂರನೆಯ ಹಾಡಿಗೆ ಹಕ್ಕುದಾರರು ಎಷ್ಟೋ ಜನ. ನಾನು ಕ್ಯಾಸೆಟ್ಟನ್ನು ಮತ್ತೆ ಮತ್ತೆ ಹಾಕಿ ಕೇಳಿದರೂ ಅತ್ತೆಯಾಗಲೀ ಮಕ್ಕಳಾಗಲೀ ನನಗೆ ಕೇಳಿಸಲಿಲ್ಲ. ಕ್ಯಾಸೆಟ್ಟು ಬಯಲುಮಾಡಿದ ಗುಟ್ಟು ಒಂದೂ ಇಲ್ಲ; ದೂರು ಕೊಟ್ಟವರು ಬಯಲುಮಾಡಿಕೊಂಡವು ಹಲವು.

ಆದರೆ ನಾನೂ ಇದೇ ಊರಿನವನು. ನಾಲ್ಕನೆಯ ಹಾಡು ಬಂದಾಗ ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಆ ಹಾಡು ನನಗೆ ಗೊತ್ತಿತ್ತು. ಹಿಂದಿನ ವರ್ಷ ಬೇಸಿಗೆಯಲ್ಲಿ ಲಾರಿ ನಿಂತು ಅದನ್ನು ನುಡಿಸಿದ್ದು ನಮ್ಮ ಮನೆಗೂ ಪಕ್ಕದ ಭುಜಂಗರಾಯರ ಮನೆಗೂ ನಡುವೆ. ಭುಜಂಗರಾಯರು ನಿವೃತ್ತ ಪೋಸ್ಟ್‌ಮಾಸ್ಟರು, ಪರರ ಕಾಗದ ಓದುವ ಅವಕಾಶ ತಪ್ಪಿದ ಮೇಲೆ ಪರರ ಗೋಡೆ ಓದುವವರು. ಅವತ್ತು ಅವರು ಗೇಟಿನಲ್ಲಿ ನಿಂತು, "ಏನ್ ಸ್ವಾಮಿ, ನಿಮ್ಮನೇದು ಜೋರಾಗಿದೆ" ಎಂದಿದ್ದರು. "ನಮ್ಮನೇದಲ್ಲ ರಾಯರೇ, ನಿಮ್ಮನೇದು" ಎಂದಿದ್ದೆ. ಇಬ್ಬರೂ ನಕ್ಕಿದ್ದೆವು. ಇಬ್ಬರೂ ನಂಬಿರಲಿಲ್ಲ. ಆದರೆ ನಮ್ಮನೆಯದಲ್ಲ ಎಂಬುದು ನನಗೆ ಗೊತ್ತಿತ್ತು. ನಾನು ಕರೆಸಿರಲಿಲ್ಲ.

ಈಗ ಕ್ಯಾಸೆಟ್ಟಿನಲ್ಲಿ ಅದು ಶುರುವಾದದ್ದೇ ತಡ, ಅಲ್ಲೇ ಕೂತು ಬಟಾಣಿ ಸುಲಿಯುತ್ತಿದ್ದ ನನ್ನ ಹೆಂಡತಿ ಮಂದಾಕಿನಿ ಮೊರ ಎತ್ತಿಕೊಂಡು ಒಳಗೆ ಹೋಗಿ ಅಡುಗೆಮನೆಯ ಬಾಗಿಲು ಹಾಕಿಕೊಂಡಳು.

ಬಟಾಣಿ ಸುಲಿಯಲು ಯಾರೂ ಬಾಗಿಲು ಹಾಕಿಕೊಳ್ಳುವುದಿಲ್ಲ. ಮರುದಿನ ಅದೇ ಹೊತ್ತಿಗೆ ನಡುಮನೆಯಲ್ಲಿ ಕೂತು ನಿನ್ನೆಯದನ್ನು ಕಾದು ಕೇಳಿದೆ. ಹಾಡಿನ ತೆಳ್ಳನೆಯ ಮರುದನಿ, ಅದರ ನಡುವೆ ಮೊರ ಎತ್ತಿದ ಸದ್ದು, ಬಾಗಿಲ ಸದ್ದು, ಆಮೇಲೆ ಬಾಗಿಲ ಹಿಂದೆ ಏನೂ ಇಲ್ಲ. ಬಟಾಣಿ ಸುಲಿಯುವ ಸದ್ದೂ ಇಲ್ಲ. ಬಾಗಿಲ ಹಿಂದೆ ಅವಳು ಸುಮ್ಮನೆ ನಿಂತಿದ್ದಳು.

ಲಾರಿ ಕರೆಸಿದ್ದು ಅವಳೇ ಆದರೆ, ಯಾರ ಜೊತೆ, ಏನು ಮಾತು, ನಾನು ಎಲ್ಲಿದ್ದೆ? ಈ ಮೂರು ಪ್ರಶ್ನೆಗಳನ್ನು ನಾನು ಯಾವುದಾದರೂ ನಾಟಕದಲ್ಲಿ ಕಂಡಿದ್ದರೆ ಹಳಸಲು ಎಂದು ಬರೆಯುತ್ತಿದ್ದೆ.

ಅಷ್ಟರಲ್ಲಿ ಪುರಸಭೆಯ ಶಬ್ದ ಸಮಿತಿಯಿಂದ ನನಗೆ ಕರೆ ಬಂತು. ಪರರ ಮರುದನಿಯನ್ನು ಟೇಪಿಗೆ ಹಿಡಿಯುವುದು ನಮ್ಮೂರಿನಲ್ಲಿ ಅಪರಾಧ. ಹಿಡಿದದ್ದು ನಿಜವಾದರೆ ಮೂಲ ಟೇಪಿಗೂ ಪ್ರತಿಯೊಂದು ಕ್ಯಾಸೆಟ್ಟಿಗೂ ಅಯಸ್ಕಾಂತ ಸವರಿ ಅಳಿಸಿಬಿಡುತ್ತಾರೆ. ಸಮಿತಿಯ ಅಧ್ಯಕ್ಷ ಜವಳಿ ಅಂಗಡಿಯ ರುದ್ರಮುನಿ ನನ್ನನ್ನು ಕೂರಿಸಿ, "ನಿಮಗೆ ಕಿವಿ ಚುರುಕು. ಒಳಗೆ ಮಾತಿದೆಯೋ ಇಲ್ಲವೋ, ನೀವು ಹೇಳಿದಂಗೆ. ಆದ್ರೆ ಒಂದು. ಮೊದಲ ಮೂರಕ್ಕೆ ದೂರು ಬಂದಿದೆ. ನಾಲ್ಕನೇದಕ್ಕೆ ಒಂದೂ ಬಂದಿಲ್ಲ. ಅದೇ ನನಗೆ ಅನುಮಾನ" ಎಂದರು.

"ದೂರಿಲ್ಲ ಅಂದ್ರೆ ತೊಂದರೆ ಇಲ್ಲ ಅಂತಲ್ಲವಾ?"

"ಎಂಥದ್ದು? ದೂರು ಕೊಡೋಕೂ ಹೆದರಬೇಕು ಅಂದ್ರೆ ಎಷ್ಟು ದೊಡ್ಡ ವಿಷಯ ಇರಬೇಕು!"

ಅವರ ತರ್ಕಕ್ಕೆ ನಾನು ನಗಬೇಕಾಗಿತ್ತು. ಅದೇ ತರ್ಕವನ್ನು ನಾನೂ ಮನೆಯಿಂದ ಹೊತ್ತು ತಂದಿದ್ದರಿಂದ ನಗಲಿಲ್ಲ.

ಕಂಬಳಿಯವರು ಧ್ವನಿಮುದ್ರಣ ಮಾಡಿದ್ದು ಮುಚ್ಚಿಹೋದ ಐಸ್ ಫ್ಯಾಕ್ಟರಿಯಲ್ಲಿ. ಹೊಟ್ಟು ತುಂಬಿದ ದಪ್ಪ ಗೋಡೆಗಳು, ಹೊರಗಿನ ಸದ್ದು ಒಳಗೆ ಬಾರದು. ನಾನು ಹೋದಾಗ ತುಂಗವ್ವ ಆರ್ಗನ್ನಿನ ಹಿಂಬದಿ ಬಿಚ್ಚಿ ಒಳಗೆ ತಲೆ ತೂರಿಸಿದ್ದಳು. ಐವತ್ತು ದಾಟಿದ ಗಟ್ಟಿಮುಟ್ಟು ಹೆಂಗಸು, ಮುಖದಲ್ಲಿ ಊರಿನ ಅರ್ಧ ಗುಟ್ಟುಗಳನ್ನು ಬಲ್ಲವಳ ಗತ್ತು ಚೂರೂ ಇಲ್ಲ. ಅವಳಿಗೆ ಅವು ಗೊತ್ತಿರಲೂ ಇಲ್ಲ. ಮೂಲೆಯಲ್ಲಿ ದಾದಾಪೀರ ಬೀಡಿ ಸೇದುತ್ತಿದ್ದ.

"ಬಂದ್ರಾ ಪೇಪರ್‌ನೋರು? ಅಳಿಸೋಕೆ ಮುಂಚೆ ಹೊಗಳೋಕೆ ಬಂದ್ರಾ, ಅಳಿಸಿದ ಮೇಲೆ ಅಳೋಕೆ ಬರ್ತೀರಾ?" ಎಂದಳು.

"ಅಡೀಲಿ ಗುಜುಗುಜು ಏನದು ತುಂಗವ್ವ?"

"ನಾವೇ" ಎಂದಳು. "ಒಂದೊಂದು ಹಾಡನ್ನ ಸರಿ ಬರೋವರೆಗೂ ದಿನಾ ಅದೇ ಹೊತ್ತಿಗೆ ನುಡಿಸ್ತಿದ್ವಿ. ಇವತ್ತಿಂದು ನುಡಿಸುವಾಗ ಅಡೀಲಿ ನಿನ್ನೇದು ಬರ್ತಿತ್ತು. ನಿನ್ನೆ ತಪ್ಪಿದ್ದು, ನಿನ್ನೆ ದಾದಾ ಕೆಮ್ಮಿದ್ದು, ನಾನು ಬೈದದ್ದು. ಅದನ್ನೇ ಇವರು ಅತ್ತೆ, ಮಾವ, ನಾದಿನಿ ಅಂತಿರೋದು."

"ಗಡಿಕಲ್ಲಿನಾಚೆ ಹೋಗಿ ಮಾಡಬಹುದಿತ್ತಲ್ಲ? ಶುದ್ಧವಾಗಿ ಬರ್ತಿತ್ತು."

"ಹೋಗಿದ್ವಿ. ಶುದ್ಧವಾಗೇ ಬಂತು. ಹೆಣ ತೊಳೆದು ಮಲಗಿಸಿದಂಗೆ." ಅವಳು ಆರ್ಗನ್ನಿನಿಂದ ತಲೆ ಹೊರತೆಗೆದಳು. "ಇಲ್ಲಿ ನಿನ್ನೆ ತಪ್ಪಿದ್ದು ಕಾಲ ಕೆಳಗೇ ಇರುತ್ತೆ. ಅದನ್ನ ತುಳೀದೆ ನುಡಿಸ್ಬೇಕು. ಕೈ ಬೇರೆ ದಾರಿ ಹಿಡಿಯುತ್ತೆ."

ಇಷ್ಟೇ ಆದರೆ ಸಮಿತಿಗೆ ಹೇಳಿ ಇನ್ನೊಮ್ಮೆ ಧ್ವನಿಮುದ್ರಣ ಮಾಡಿಸಿದರಾಯಿತಲ್ಲ ಎಂದೆ. ಅವಳು ದಾದಾಪೀರನ ಕಡೆ ತಿರುಗಿ, "ದಾದಾ, ಬೀಡಿ ಆರಿಸು!" ಎಂದು ಕೂಗಿದಳು. ಅವನು ನಗುತ್ತ, "ನಮಸ್ಕಾರ, ನಮಸ್ಕಾರ" ಎಂದು ನನಗೆ ಕೈಯೆತ್ತಿದ.

"ಲಾರಿ ಮೇಲೆ ವರ್ಷಾನುಗಟ್ಟಲೆ ಊರವರ ಕಿವಿ ಮುಚ್ಚೀ ಮುಚ್ಚೀ ಇವನದ್ದೇ ಮುಚ್ಚಿಹೋಯ್ತು. ಈ ಟೇಪಿನಲ್ಲಿ ನುಡಿಸಿದಾಗ ಒಂದಿಷ್ಟು ಉಳಿದಿತ್ತು. ಈಗ ಇಲ್ಲ. ಇದು ಅಳಿಸಿದ್ರೆ ಇನ್ನೊಂದಿಲ್ಲ, ತಿಳೀತಾ?"

ತಿಳಿಯಿತು. ನಾನು ಕೇಳಬೇಕೆಂದು ಬಂದಿದ್ದ ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟು ಬರುವುದು ಮರ್ಯಾದೆಯಾಗಿತ್ತು. ಬಿಡಲಿಲ್ಲ. "ನಾಲ್ಕನೇದು ಯಾರದು?" ಎಂದೆ.

ಅವಳು ಅಸಹ್ಯದಿಂದಲೋ ಕನಿಕರದಿಂದಲೋ ನನ್ನನ್ನು ನೋಡಿದಳು. "ಯಾರದು ಅಂತ ಹೇಳೋ ಪದ್ಧತಿ ಇಲ್ಲ. ಒಂದು ಮಾತ್ರ ಹೇಳ್ತೀನಿ, ನಿಮ್ಮ ಸಮಿತಿಗೂ ಹೇಳಿ. ಅದರ ಅಡೀಲಿ ಮಾತೇ ಇಲ್ಲ, ಇರೋಕೂ ಸಾಧ್ಯ ಇಲ್ಲ. ಬಂದವರು ನನ್ನೆದುರು ನಿಂತು ಕೈ ಚಾಚಿದ್ರು. ನಾನು ಕಾದೆ. ಕೈ ಏರಲಿಲ್ಲ, ಇಳೀಲಿಲ್ಲ. ಹಲಗೆ ಥರ ಮಟ್ಟಸ. ಎಲ್ಲಿ ಏರುತ್ತೆ ಅಂದೆ. ತಲೆ ಅಲ್ಲಾಡಿಸಿದ್ರು. ಎಲ್ಲಿ ಅಳು ಅಂದೆ. ಇಲ್ಲ ಅಂದ್ರು. ನಾನು ನೋಡಿದ ಕೈಗಳಲ್ಲೆಲ್ಲ ಕಷ್ಟದ ಕೈ ಅದು. ಅದಕ್ಕೇ ಒಂದೇ ಸ್ವರ ಹಿಡಿದು ಕೂತೆ, ಸುತ್ತ ಉಳಿದವರು ನಡೆದಾಡಿದ್ರು."

ಆ ಹಾಡು ಹಾಗೇ ಇತ್ತು. ಆರ್ಗನ್ನಿನ ಒಂದೇ ಸ್ವರ ಮೊದಲಿನಿಂದ ಕೊನೆಯವರೆಗೆ ಅಲುಗದೆ ನಿಂತಿರುತ್ತದೆ. ಗಿಟಾರುಗಳು, ಡ್ರಮ್ಮು ಅದರ ಸುತ್ತ ಏಳು ಏಳಾಗಿ ಹೆಜ್ಜೆ ಹಾಕುತ್ತವೆ, ಮನೆಯೊಳಗೆ ಯಾರೋ ಕೋಣೆಯಿಂದ ಕೋಣೆಗೆ ಓಡಾಡಿದಂತೆ. ನಾಲ್ಕರಲ್ಲಿ ಅದೇ ಶ್ರೇಷ್ಠ.

ನಾನು ಹಗುರಾಗಿ ಮನೆಗೆ ಬಂದೆ. ಮಾತಿಲ್ಲವೆಂದ ಮೇಲೆ ಅದು ಮಂದಾಳದಾಗಿರಲು ಸಾಧ್ಯವಿಲ್ಲ, ಗುಟ್ಟಿರುವವರು ಮಾತಾಡಿರುತ್ತಾರೆ. ಊಟಕ್ಕೆ ಕೂತಾಗ ಅವಳಿಗೂ ಹೇಳಿದೆ. "ಯಾರೋ ಪುಣ್ಯಾತ್ಮರು ಏನೂ ಇಲ್ಲದ್ದಕ್ಕೆ ಕಂಬಳಿ ಹೊದಿಸಿದ್ದಾರೆ ಕಣೆ. ಖಾಲಿ ಪಾತ್ರೆಗೆ ಮುಚ್ಚಳ! ಭುಜಂಗರಾಯರೇ ಇರಬೇಕು, ತಮ್ಮನೇಲೂ ಏನೋ ನಡೆಯುತ್ತೆ ಅಂತ ತೋರಿಸ್ಕೊಳ್ಳೋಕೆ." ನಾನು ನಕ್ಕೆ. ಅವಳು ನನ್ನ ತಟ್ಟೆಗೆ ಇನ್ನೊಂದು ಸೌಟು ಹುಳಿ ಬಡಿಸಿದಳು.

ವಿಚಾರಣೆಗೆ ಪುರಸಭೆಯ ಸಭಾಂಗಣ ತುಂಬಿತ್ತು. ಅಲ್ಲಿ ನಡವಳಿ ಬರೆಯುವ ಪದ್ಧತಿ ಇಲ್ಲ. ಇವತ್ತು ಆಡಿದ್ದನ್ನು ನಾಳೆ ಅದೇ ಹೊತ್ತಿಗೆ ಎಲ್ಲರೂ ಬಾಯಿಮುಚ್ಚಿ ಕೂತು ಇನ್ನೊಮ್ಮೆ ಕೇಳುತ್ತಾರೆ. ಎರಡನೆಯ ಸಲ ಕೇಳಿಸಿದ ಮೇಲೆಯೇ ತೀರ್ಮಾನ ಊರ್ಜಿತ. ಆಡಿದ ಮಾತನ್ನು ಹಿಂತೆಗೆದುಕೊಳ್ಳಬೇಕೆಂದರೆ ಮರುದಿನ ಅಷ್ಟು ಭಾಗಕ್ಕೆ ಕಂಬಳಿ ಹೊದಿಸಿದರಾಯಿತು. ಆ ಮಾತು ಆಡಿಲ್ಲವೆಂದೇ ಲೆಕ್ಕ. ರಾಜಕಾರಣಿಗಳು ನಮ್ಮಲ್ಲಿ ಬಹಳ ಸಂಗೀತಪ್ರಿಯರು.

ಮೊದಲ ಮೂರು ಹಾಡುಗಳ ದೂರು ಬೇಗ ಮುಗಿಯಿತು. ಅಡಿಯಲ್ಲಿರುವ ಮಾತು ಯಾವುದೆಂದು ಸಭೆಯಲ್ಲಿ ಎದ್ದು ನಿಂತು ಹೇಳಿ ಎಂದಾಗ ಹೆಡ್‌ಮಿಸ್ಸಿಗೆ ಕೆಮ್ಮು ಬಂತು, ಗುರುಶಾಂತನಿಗೆ ಪಕ್ಕದಲ್ಲಿದ್ದ ಅತ್ತೆಯ ಮೊಣಕೈ ತಗುಲಿತು. "ನನ್ನ ದನಿ ಅಲ್ಲ ಅನ್ಸುತ್ತೆ ಸಾರ್" ಎಂದು ಕೂತ. ನಾನು ಎದ್ದು, ಅದು ಬ್ಯಾಂಡಿನವರದೇ ನಿನ್ನೆಯ ಸದ್ದು, ರಚನೆ ಉತ್ತಮ, ಧ್ವನಿಮುದ್ರಣ ಕಳಪೆ, ಕಳಪೆ ಧ್ವನಿಮುದ್ರಣಕ್ಕೆ ಅಯಸ್ಕಾಂತದ ಶಿಕ್ಷೆ ಎಲ್ಲಿಯೂ ಇಲ್ಲ ಎಂದು ಹೇಳಿದೆ.

"ಫ್ಯಾಕ್ಟರೀಲೇ ಹಿಡಿದದ್ದು ಅಂತ ಬ್ಯಾಂಡಿನವರು ಹೇಳ್ತಾರೆ, ನೋಡಿದವರಿಲ್ಲ. ನಾಲ್ಕನೇದು?" ಎಂದರು ರುದ್ರಮುನಿ.

"ಅದರ ಅಡಿಯಲ್ಲೂ ಅಷ್ಟೇ. ಹೊದಿಸಿದ ಮನೆಯಲ್ಲಿ ಅವತ್ತು ಮಾತೇ ಆಗಿರಲಿಲ್ಲವಂತೆ."

ಸಭೆಯಲ್ಲಿ ಗುಸುಗುಸು. "ಏನ್ ಸ್ವಾಮಿ, ಮಾತೇ ಆಗ್ದಿದ್ದಕ್ಕೆ ಲಾರಿ ಕರೆಸ್ತಾರಾ ಯಾರಾದ್ರೂ?" ಎಂದರು ಭುಜಂಗರಾಯರು ಹಿಂದಿನಿಂದ. "ಆ ಲಾರಿ ನಿಂತಿದ್ದು ನಮ್ಮನೆಗೂ ಇವರ ಮನೆಗೂ ನಡುವೆ. ನಮ್ಮದಲ್ಲ ಅಂತ ನಾನು ಪ್ರಮಾಣ ಮಾಡ್ತೀನಿ. ಇವರೇ ತೀರ್ಪು ಕೊಡ್ತಿದ್ದಾರೆ, ಇವರದೇ ಮನೆ!"

ಸಭೆಯ ಅಷ್ಟೂ ಕಣ್ಣು ನನ್ನ ಮೇಲೆ ಬಂತು. ಕಿವಿ ಚುರುಕಿನವನಿಗೆ ಮುಚ್ಚಿಡುವುದು ಏನಿತ್ತು ಎಂಬ ಕಣ್ಣು. ರುದ್ರಮುನಿ ತುಂಗವ್ವನತ್ತ ತಿರುಗಿದರು. "ಕರೆಸಿದವರು ಯಾರು ಹೇಳಮ್ಮ. ಅವರು ಬಂದು ಮಾತಿರಲಿಲ್ಲ ಅಂದ್ರೆ ಟೇಪು ನಿನ್ನದು. ಇಲ್ಲದಿದ್ರೆ ಅಯಸ್ಕಾಂತ ಹೊರಗೇ ಇದೆ."

"ಹೇಳಲ್ಲ" ಎಂದಳು ತುಂಗವ್ವ.

"ನಿನ್ನ ಇಷ್ಟು ವರ್ಷದ ಕೆಲಸ ಹೋಗುತ್ತೆ."

"ಅದೂ ಗೊತ್ತು. ಹೇಳಲ್ಲ." ಪಕ್ಕದಲ್ಲಿ ದಾದಾಪೀರ ಏನೂ ಕೇಳಿಸದೆ ಎಲ್ಲರಿಗೂ ನಗುಮುಖ ತೋರಿಸುತ್ತಿದ್ದ. ರುದ್ರಮುನಿ ಜವಾನನಿಗೆ ಸನ್ನೆ ಮಾಡಿದರು. ಅವನು ಎದ್ದು ಬಾಗಿಲ ಕಡೆ ಹೊರಟ.

"ನಿಲ್ಲಪ್ಪ" ಎಂಬ ದನಿ ಬಂತು.

ಆ ದನಿಯನ್ನು ಗುರುತಿಸಲು ನನಗೆ ಒಂದು ಗಳಿಗೆ ಬೇಕಾಯಿತು. ಮಂದಾ ಸಭೆಗಳಿಗೆ ಬರುವವಳಲ್ಲ. ಹಿಂದಿನ ಬೆಂಚಿನಲ್ಲಿ, ಮದುವೆಗೆ ಉಡುವ ಸೀರೆಯುಟ್ಟು ಎದ್ದು ನಿಂತಿದ್ದಳು. "ನಾಲ್ಕನೇದು ನಮ್ಮನೇದು. ಕರೆಸಿದ್ದು ನಾನು. ಅದರಲ್ಲಿ ಮಾತಿಲ್ಲ. ಹಿಂದಿನ ದಿನ ಮನೇಲಿ ಯಾರೂ ಮಾತಾಡಿರಲಿಲ್ಲ, ಅದಕ್ಕೆ."

"ಜಗಳ ಏನಾದ್ರೂ..." ಎಂದರು ರುದ್ರಮುನಿ, ಸ್ವಲ್ಪ ಆಸೆಯಿಂದ.

"ಜಗಳ ಇಲ್ಲ. ಇವರು ಇಡೀ ದಿನ ಮನೇಲೇ ಇದ್ರು, ಓದ್ತಿದ್ರು. ತಿಂಡಿ ಕೊಟ್ಟೆ, ತಿಂದ್ರು. ಕಾಫಿ ಕೊಟ್ಟೆ, ಕುಡಿದ್ರು. ನಾನೂ ಏನೂ ಹೇಳ್ಲಿಲ್ಲ, ಹೇಳಿದ್ರೆ ಉತ್ತರ ಬರುತ್ತಾ ಅಂತ ನೋಡೋಕೆ ಹೋಗ್ಲಿಲ್ಲ. ರಾತ್ರಿ ಮಲಗಿದ ಮೇಲೆ ಹೊಳೀತು. ನಾಳೆ ರಾಯರ ಮನೆಯವರು ಗೋಡೆಗೆ ಕಿವಿ ಇಡ್ತಾರೆ. ಏನು ಕೇಳುತ್ತೆ? ಲೋಟ ಇಟ್ಟ ಸದ್ದು. ಹಾಳೆ ತಿರುವಿದ ಸದ್ದು. ಬೆಳಗಿಂದ ಸಂಜೆವರೆಗೂ ಅಷ್ಟೇ. ಜಗಳ ಕೇಳಿದ್ರೆ ಹೋಗ್ಲಿ, ಜಗಳಕ್ಕೆ ಒಂದು ಮರ್ಯಾದೆ ಇರುತ್ತೆ. ಇದು ಕೇಳ್ಬಾರ್ದು ಅನ್ನಿಸ್ತು. ಬೆಳಗಾಗೋಕೆ ಮುಂಚೆ ಹೋಗಿ ಇವಳ ಬಾಗಿಲು ತಟ್ಟಿ, ಆಗುವಷ್ಟು ಹೊತ್ತು ಹೊದಿಸು ಅಂದೆ."

ಅವಳು ಕೂತಳು. ಸಭೆ ಸುಮ್ಮನಾಯಿತು. ಜನ ಈಗ ನನ್ನ ಮುಖವನ್ನು ಬೇರೆ ರೀತಿಯಲ್ಲಿ ನೋಡುತ್ತಿದ್ದರು. ಕಾಯುತ್ತಿದ್ದರು. ಆ ದಿನ ನಾನು ಓದಿದ ಪುಸ್ತಕ ನನಗೆ ನೆನಪಿತ್ತು, ಅದರ ಮೂರನೆಯ ಅಧ್ಯಾಯದ ಬಗ್ಗೆ ನನ್ನ ಆಕ್ಷೇಪವೂ ನೆನಪಿತ್ತು. ಕಾಫಿ ನೆನಪಿರಲಿಲ್ಲ. ಏನಾದರೂ ಹೇಳಬೇಕಿತ್ತು. ಇಷ್ಟು ವರ್ಷ ಪರರ ವಾಕ್ಯಗಳನ್ನು ತಿದ್ದಿದ ನನಗೆ ಒಂದು ವಾಕ್ಯವೂ ಸಿಗಲಿಲ್ಲ. ಕೊನೆಗೆ ರುದ್ರಮುನಿಯವರೇ ಕೆಮ್ಮಿ, "ಮಾತಿಲ್ಲ ಅಂತ ಸಾಬೀತಾಯ್ತು. ಟೇಪು ಉಳಿಯುತ್ತೆ" ಎಂದರು. ಏಳುವಾಗ ತಗ್ಗಿದ ದನಿಯಲ್ಲಿ ಮಂದಾಳಿಗೆ, "ಅಮ್ಮ, ಬೇಕಿದ್ರೆ ನಾಳೆ ಆ ಭಾಗಕ್ಕೆ ಹೊದಿಸ್ಕೋಬಹುದು. ಆದ್ರೆ ಆಗ ತೀರ್ಮಾನವೂ..." ಎಂದು ನಿಲ್ಲಿಸಿದರು. ಅವಳ ಮಾತು ಎರಡನೆಯ ಸಲ ಕೇಳಿಸಿದರೆ ಮಾತ್ರ ಟೇಪಿಗೆ ಉಳಿವು. ಎಲ್ಲರಿಗೂ ಅರ್ಥವಾಯಿತು.

ದಾರಿಯಲ್ಲಿ ನಾವು ಮಾತಾಡಲಿಲ್ಲ. ಮನೆಯಲ್ಲಿಯೂ ಇಲ್ಲ. ಆದರೆ ಈಗ ಆ ಮೌನ ನನಗೆ ಕೇಳಿಸುತ್ತಿತ್ತು, ಬಲ್ಬಿನ ಗುಂಯ್‌ಗುಡುವಿಕೆಯಂತೆ. ಒಮ್ಮೆ ಕಿವಿಗೆ ಬಿದ್ದ ಮೇಲೆ ಬಿಡುವುದಿಲ್ಲ.

ಮರುದಿನ ಸಭಾಂಗಣದಲ್ಲಿ ಹಿಂದಿನ ದಿನಕ್ಕಿಂತ ಹೆಚ್ಚು ಜನ. ಲಾರಿ ಬಂದು ಸಭಾಂಗಣಕ್ಕೂ ಪಕ್ಕದ ವಾಚನಾಲಯಕ್ಕೂ ನಡುವೆ ನಿಂತಿತ್ತು. ತುಂಗವ್ವ ಆರ್ಗನ್ನಿನ ಮುಂದೆ ಕೂತು, ತೆರೆದ ಕಿಟಕಿಯ ಮೂಲಕ ಮಂದಾಳನ್ನೇ ನೋಡುತ್ತಿದ್ದಳು. ಬೇಕೆಂದರೆ ಕೈಯೆತ್ತು, ನನ್ನ ಟೇಪು ಹೋದರೆ ಹೋಗಲಿ ಎಂಬ ನೋಟ. ನಿನ್ನೆಯ ಗುಸುಗುಸು ಬಂತು, ಭುಜಂಗರಾಯರ ಪ್ರಮಾಣ ಬಂತು, ನನ್ನ ವಿಮರ್ಶೆ ಬಂತು. ಬಾವಿಯೊಳಗಿಂದ ಬಂದಾಗ ಅದು ಇನ್ನೂ ಸ್ವಲ್ಪ ಜಂಬದ್ದಾಗಿ ಕೇಳಿತು. ಜವಾನ ನಡೆದ ಸದ್ದು. ಮಂದಾ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿ ಕೂತಳು. "ನಿಲ್ಲಪ್ಪ" ಎಂದಿತು ನಿನ್ನೆಯ ದನಿ.

ಲಾರಿಯಿಂದ ಸದ್ದು ಬರಲಿಲ್ಲ. ಅವಳ ಮಾತು ಪೂರ್ತಿ, ಲೋಟದವರೆಗೆ, ಹಾಳೆಯವರೆಗೆ, ಬಾಗಿಲು ತಟ್ಟಿದ್ದರವರೆಗೆ ಎರಡನೆಯ ಸಲ ಕೇಳಿತು. ಆಮೇಲೆ ನಿನ್ನೆಯ ಮೌನ ಬಂತು. ಎಲ್ಲರೂ ನನಗಾಗಿ ಕಾದಿದ್ದ, ನಾನು ಏನೂ ಹೇಳದಿದ್ದ ಮೌನ. ಅದು ನಿನ್ನೆ ಇದ್ದಷ್ಟೇ ಉದ್ದ ಇತ್ತು. ಕೇಳುವ ಹೊತ್ತಿನಲ್ಲಿ ಬಾಯಿ ತೆರೆಯುವುದು ನಮ್ಮಲ್ಲಿ ಮಹಾ ಅಸಭ್ಯತನ. ನಾನು ಹಿಂದಿನ ಬೆಂಚಿನ ಕಡೆ ತಿರುಗಿದೆ.

"ನಮ್ಮನೇದೇ" ಎಂದೆ. ಹೊರಬಂದದ್ದು ಕಳಪೆ ಧ್ವನಿಮುದ್ರಣದಂತಿತ್ತು. "ಮಂದಾ, ಅವತ್ತು ಕಾಫಿ ಹೇಗಿತ್ತು?"

"ಶ್! ಕೇಳೋಕೆ ಬಿಡ್ರೀ!" ಎಂದರು ಭುಜಂಗರಾಯರು. ನಿನ್ನೆಯ ರುದ್ರಮುನಿ ಕೆಮ್ಮಿ, ಟೇಪು ಉಳಿಯುತ್ತೆ ಎಂದರು. ಇವತ್ತಿನ ರುದ್ರಮುನಿ ತಲೆಯಾಡಿಸಿದರು. ಕಿಟಕಿಯಾಚೆ ತುಂಗವ್ವ ದಾದಾಪೀರನ ಬೆನ್ನು ತಟ್ಟಿದಳು, ಅವನಿಗೆ ವಿಷಯ ತಿಳಿಯಿತು.

ಮೂರನೆಯ ದಿನ ಸಭಾಂಗಣಕ್ಕೆ ಯಾರೂ ಬರುವುದಿಲ್ಲ. ತೀರ್ಮಾನವಾದ ಮೇಲೆ ಅಲ್ಲಿ ಕೇಳುವುದೇನೂ ಇರುವುದಿಲ್ಲ. ನಿನ್ನೆ ನಾನು ಆಡಿದ್ದು ಹೇಗೆ ಕೇಳುತ್ತದೋ ನೋಡೋಣವೆಂದು, ಅಂದರೆ ಬೇರೆ ಯಾರೂ ಕೇಳುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಲು, ಪತ್ರಿಕೆಗೆ ಹೋಗುವ ನೆಪದಲ್ಲಿ ಹೊರಟೆ. ಬಾಗಿಲು ಅರ್ಧ ತೆರೆದಿತ್ತು. ಮೆಟ್ಟಿಲ ಮೇಲೆ ಒಂದು ಜೊತೆ ಚಪ್ಪಲಿ, ಎಡಗಾಲಿನದರ ಉಂಗುಷ್ಠಕ್ಕೆ ಬೇರೆ ಬಣ್ಣದ ದಾರದ ಹೊಲಿಗೆ. ಆ ಹೊಲಿಗೆ ನನಗೆ ಗೊತ್ತಿತ್ತು. ಮನೆಯಲ್ಲಿ ಅವಳು, ತರಕಾರಿಗೆ ಹೋಗಿ ಬರ್ತೀನಿ ಎಂದು ಹೇಳಿದ್ದಳು. ಹೌದು, ಹೇಳಿದ್ದಳು.

ನಾನು ಒಳಗೆ ಹೋಗಲಿಲ್ಲ. ನಮ್ಮೂರಿನ ಎಲ್ಲರಂತೆ ಗೋಡೆಗೆ ಕಿವಿಯಿಟ್ಟು ನಿಂತೆ. ನನ್ನ ಒಡಕು ದನಿ ಬಂತು, ಕಾಫಿಯ ಪ್ರಶ್ನೆ ಬಂತು, ಭುಜಂಗರಾಯರ ಶ್ ಬಂತು. ಅದರ ಬೆನ್ನಿಗೇ, ಇವತ್ತಿನ ಗಟ್ಟಿ ದನಿಯಲ್ಲಿ, ಖಾಲಿ ಬೆಂಚುಗಳ ನಡುವಿನಿಂದ:

"ಸಕ್ಕರೆ ಜಾಸ್ತಿ ಆಗಿತ್ತು. ನೀವು ಹೇಳ್ತೀರಾ ಅಂತ ಕಾಯ್ತಿದ್ದೆ."

ಅದನ್ನು ಇನ್ನೊಮ್ಮೆ ಕೇಳಲು ನಾನು ನಾಳೆ ಅಲ್ಲಿರಬೇಕು. ಅವಳೂ ಬರುತ್ತಾಳೆಂದು ನನಗೆ ಬಲವಾದ ಅನುಮಾನವಿದೆ.